ಸಮಾನಾರ್ಥಕ ಪದಗಳ ಪಟ್ಟಿ ಬಾಯಿಪಾಠ ಆಗಿದೆ, ಆದರೂ ಪರೀಕ್ಷೆಯಲ್ಲಿ ಮಗಳು ತಪ್ಪು ಮಾಡುತ್ತಾಳೆ. ಏನು ಮಾಡಲಿ?

ಹಾವೇರಿಯ ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮದು ಹಾವೇರಿ ಹತ್ತಿರದ ಹಳ್ಳಿ. ಮಗಳು ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿ, ಕನ್ನಡ ಮಾಧ್ಯಮ. ಈ ಸಲ ನವೋದಯ ಪ್ರವೇಶ ಪರೀಕ್ಷೆ ಬರೆಯುತ್ತಾಳೆ. ಸೈನಿಕ ಶಾಲೆಯದ್ದನ್ನೂ ಬರೆಸಬೇಕು ಅಂತ ಆಸೆ. ಲೆಕ್ಕದಲ್ಲಿ ಅವಳು ಗಟ್ಟಿ. ಚಿತ್ರ ಜೋಡಿಸುವ ಪ್ರಶ್ನೆಗಳನ್ನು ಆಟದ ಹಾಗೆ ಮಾಡುತ್ತಾಳೆ. ತೊಂದರೆ ಇರುವುದು ಸಮಾನಾರ್ಥಕ ಪದಗಳಲ್ಲಿ.

ಪೇಟೆಯಿಂದ ಒಂದು ಗೈಡ್ ತಂದೆವು. ಅದರಲ್ಲಿ 300 ಪದಗಳ ಪಟ್ಟಿ ಇದೆ. ದಿನಕ್ಕೆ 10 ಪದದಂತೆ ಒಂದು ತಿಂಗಳು ಓದಿಸಿದೆ. ಸಂಜೆ ನಾನು ರೊಟ್ಟಿ ಬಡಿಯುತ್ತಾ ಕೇಳುತ್ತೇನೆ, ಅವಳು ಹೇಳುತ್ತಾಳೆ. "ಆನೆ?" ಅಂದರೆ ಸಾಕು, "ಗಜ, ಕರಿ, ಹಸ್ತಿ, ದಂತಿ" ಅಂತ ಒಂದೇ ಉಸಿರಿಗೆ ಹೇಳಿಬಿಡುತ್ತಾಳೆ. ನನಗೂ ಖುಷಿ ಆಗಿತ್ತು.

ಹೋದ ಭಾನುವಾರ ಒಂದು ಮಾದರಿ ಪ್ರಶ್ನೆಪತ್ರಿಕೆ ಬರೆಸಿದೆ. ಅದರಲ್ಲಿ "ಕಾಡಿನ ದಾರಿಯಲ್ಲಿ ಕರಿಯನ್ನು ಕಂಡು ಹುಡುಗ ಮರ ಏರಿದ" ಅಂತ ಒಂದು ಸಾಲು. ಗೆರೆ ಎಳೆದ ಪದದ ಅರ್ಥ ಏನು ಅಂತ ಪ್ರಶ್ನೆ. ಅವಳು "ಕಪ್ಪು" ಅಂತ ಗುರುತು ಹಾಕಿದ್ದಳು! ಆನೆ ಅಂದರೆ ಕರಿ ಅಂತ ಗೊತ್ತು, ಕರಿ ಅಂದರೆ ಆನೆ ಅಂತ ಹೊಳೆಯಲಿಲ್ಲ. 10 ಪದದಲ್ಲಿ 6 ತಪ್ಪು. ಅವಳು ಅತ್ತುಬಿಟ್ಟಳು. ನನಗೂ ಕರುಳು ಹಿಂಡಿದಂತಾಯಿತು.

ಇನ್ನೊಂದು ವಿಷಯ. ಆ ಗೈಡಿನ ಉತ್ತರದಲ್ಲಿ "ನೀರಜ ಎಂದರೆ ಮೋಡ" ಅಂತ ಇದೆ. ಶಾಲೆಯ ಟೀಚರ್ ಅದು ತಪ್ಪು ಅಂದರು. ಹಾಗಾದರೆ ಬೇರೆ ಎಷ್ಟು ತಪ್ಪು ಇವೆಯೋ. ಪರೀಕ್ಷೆಗೆ ಇನ್ನು 10 ವಾರ ಇದೆ. ಹೇಗೆ ಓದಿಸಲಿ, ತಿಳಿದವರು ಹೇಳಿ.


ತೀರ್ಥಹಳ್ಳಿ ಮೇಷ್ಟ್ರು

ತಾಯಿ, ಮೊದಲು ಮಗುವಿಗೆ ಸಮಾಧಾನ ಹೇಳಿ. ಅವಳು ಓದಿಲ್ಲ ಅಂತಲ್ಲ. ಓದಿದ ದಾರಿ ಒಂದು, ಪ್ರಶ್ನೆ ಬಂದ ದಾರಿ ಇನ್ನೊಂದು. ನಾನು ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ವರ್ಷಾ ವರ್ಷಾ ಇದೇ ತೊಂದರೆ ನೋಡುತ್ತೇನೆ.

ಎರಡೂ ಪರೀಕ್ಷೆಗಳಲ್ಲಿ ಪದಗಳನ್ನು ಕೇಳುವ ರೀತಿ ಬೇರೆ, ಅದನ್ನು ತಿಳಿದುಕೊಳ್ಳಿ. ನವೋದಯದ ಆರನೇ ತರಗತಿ ಪರೀಕ್ಷೆಯಲ್ಲಿ ಒಟ್ಟು 80 ಪ್ರಶ್ನೆ, 100 ಅಂಕ, 2 ಗಂಟೆ. ಅದರಲ್ಲಿ ಭಾಷೆಗೆ 20 ಪ್ರಶ್ನೆ, 25 ಅಂಕ. ಅಂದರೆ ಒಂದು ಪ್ರಶ್ನೆಗೆ ಒಂದೂಕಾಲು ಅಂಕ. ನಾಲ್ಕು ಗದ್ಯಭಾಗ ಕೊಟ್ಟು, ಪ್ರತಿಯೊಂದರ ಕೆಳಗೆ 5 ಪ್ರಶ್ನೆ ಕೇಳುತ್ತಾರೆ. ಸಮಾನಾರ್ಥಕ, ವಿರುದ್ಧಾರ್ಥಕ ಪದಗಳು ಬರುವುದು ಆ ಗದ್ಯಭಾಗದ ಒಳಗಿನಿಂದಲೇ. ಹಾಗಾಗಿ ಒಂಟಿ ಪದಗಳ ಪಟ್ಟಿ ಅಲ್ಲಿ ಅರ್ಧ ಕೆಲಸ ಮಾತ್ರ ಮಾಡುತ್ತದೆ.

ಸೈನಿಕ ಶಾಲೆಯ ಆರನೇ ತರಗತಿ ಪರೀಕ್ಷೆ 125 ಪ್ರಶ್ನೆ, 300 ಅಂಕ, 150 ನಿಮಿಷ. ಭಾಷೆಗೆ 25 ಪ್ರಶ್ನೆ, 50 ಅಂಕ. ಅಲ್ಲಿ ಪದವನ್ನು ನೇರವಾಗಿ ಕೇಳುವುದೂ ಉಂಟು. ಆರನೆಯದನ್ನು ಕನ್ನಡದಲ್ಲೇ ಬರೆಯಬಹುದು. ಹೆಣ್ಣುಮಕ್ಕಳಿಗೂ ಈಗ ಪ್ರವೇಶ ಇದೆ, ಆಸೆ ಬಿಡಬೇಡಿ. ನಮ್ಮಲ್ಲಿ ವಿಜಯಪುರದಲ್ಲಿ 1963ರಿಂದ, ಕೊಡಗಿನ ಕೂಡಿಗೆಯಲ್ಲಿ 2007ರಿಂದ ಸೈನಿಕ ಶಾಲೆ ಇವೆ.

ಈಗ ಆ ನೀರಜದ ವಿಷಯ. ನಿಮ್ಮ ಟೀಚರ್ ಹೇಳಿದ್ದು ಸರಿ. ನೀರಜ ಎಂದರೆ ಕಮಲ, ನೀರದ ಎಂದರೆ ಮೋಡ. ಒಂದೇ ಅಕ್ಷರದ ವ್ಯತ್ಯಾಸ. ಇದನ್ನು ಬಾಯಿಪಾಠ ಮಾಡಿದರೆ ಹೀಗೇ ಕೈಕೊಡುತ್ತದೆ. ಬಿಡಿಸಿ ನೋಡಿದರೆ ಯಾವತ್ತೂ ಮರೆಯುವುದಿಲ್ಲ.

ನಾನು ಕಪ್ಪುಹಲಗೆಯ ಮೇಲೆ ಎಡಗಡೆ ನೀರಿನ ನಾಲ್ಕು ಹೆಸರು ಬರೆಯುತ್ತೇನೆ. ಜಲ, ಅಂಬು, ವಾರಿ, ನೀರ. ಬಲಗಡೆ ಮೂರು ಬಾಲ ಬರೆಯುತ್ತೇನೆ. ಜ, ದ, ಧಿ. ಜ ಎಂದರೆ ಹುಟ್ಟಿದ್ದು. ದ ಎಂದರೆ ಕೊಡುವುದು. ಧಿ ಎಂದರೆ ತುಂಬಿ ಇಟ್ಟುಕೊಂಡಿರುವುದು. ಆಮೇಲೆ ಮಕ್ಕಳನ್ನೇ ಕೇಳುತ್ತೇನೆ. ನೀರಿನಲ್ಲಿ ಹುಟ್ಟುವುದು ಯಾವುದು? "ತಾವರೆ ಸಾರ್!" ಸರಿ, ಜಲಜ, ಅಂಬುಜ, ವಾರಿಜ, ನೀರಜ. ನೀರು ಕೊಡುವುದು? "ಮೋಡ!" ಜಲದ, ಅಂಬುದ, ವಾರಿದ, ನೀರದ. ನೀರನ್ನು ತುಂಬಿಕೊಂಡಿರುವುದು? "ಸಮುದ್ರ!" ಜಲಧಿ, ಅಂಬುಧಿ, ವಾರಿಧಿ, ನೀರಧಿ. ಏಳು ತುಂಡು ನೆನಪಿಟ್ಟರೆ ಹನ್ನೆರಡು ಪದ ಕೈಗೆ ಬಂತು. ಪಯಸ್ಸು ಎಂದರೂ ನೀರು ಅಂತ ಹೇಳಿಕೊಟ್ಟ ದಿನ ಪಯೋದ, ಪಯೋಧಿ ಎರಡೂ ಅವರಿಗೆ ತಾವಾಗೇ ಗೊತ್ತಾಗುತ್ತವೆ.

ಆನೆಯದೂ ಹಾಗೇ. ದಂತ ಇರುವುದು ದಂತಿ. ಕರ ಎಂದರೆ ಕೈ, ಆನೆಗೆ ಸೊಂಡಿಲೇ ಕೈ, ಹಾಗಾಗಿ ಕರಿ. ಹಸ್ತ ಎಂದರೂ ಕೈ, ಹಾಗಾಗಿ ಹಸ್ತಿ. ಇದೇ ಬಾಲ ಬೇರೆ ಕಡೆಯೂ ಇದೆ. ಪಕ್ಷ ಎಂದರೆ ರೆಕ್ಕೆ, ರೆಕ್ಕೆ ಇರುವುದು ಪಕ್ಷಿ. ಫಣ ಎಂದರೆ ಹೆಡೆ, ಹೆಡೆ ಇರುವುದು ಫಣಿ. ಶಶ ಎಂದರೆ ಮೊಲ, ಮೊಲದ ಗುರುತು ಇರುವವನು ಶಶಿ. ಚಂದ್ರನ ಮೇಲೆ ಮೊಲ ಕಾಣುತ್ತದೆ ಅಂತ ನಿಮ್ಮ ಮಗಳಿಗೆ ಹುಣ್ಣಿಮೆ ದಿನ ಅಂಗಳದಲ್ಲಿ ನಿಂತು ತೋರಿಸಿ. ಕರಿ ಅಂದಾಗ ಇನ್ನು ಅವಳಿಗೆ ಬಣ್ಣ ಒಂದೇ ಅಲ್ಲ, ಸೊಂಡಿಲೂ ನೆನಪಾಗುತ್ತದೆ.


ಮಂಡ್ಯದಾಕೆ

ಮೇಷ್ಟ್ರೇ, ನಾನು ಪಿಯುಸಿವರೆಗೂ ಓದಿದೆ. ಜಲಜ, ಜಲದ, ಜಲಧಿ ಬೇರೆ ಬೇರೆ ಯಾಕೆ ಅಂತ ಇವತ್ತು ಗೊತ್ತಾಯಿತು. ನಮಗೆ ಯಾರೂ ಹೀಗೆ ಹೇಳಿಕೊಡಲಿಲ್ಲ.

ಹಾವೇರಿ ಅಕ್ಕ, ನಮ್ಮ ಮನೆಯಲ್ಲಿ ಒಂದು ಉಪಾಯ ಮಾಡಿದೆವು. ನನ್ನ ಮಗನಿಗೆ ಮೊರಾರ್ಜಿ ವಸತಿ ಶಾಲೆಯ ಪರೀಕ್ಷೆಗೆ ಓದಿಸುವಾಗ ಮಾಡಿದ್ದು. ಅವನ ತರಗತಿಯ ಹಾಜರಿ ಪುಸ್ತಕದಲ್ಲಿ ಇರುವ ಹೆಸರುಗಳ ಅರ್ಥ ಹುಡುಕು ಅಂದೆ. ರವಿ, ಭಾಸ್ಕರ, ದಿನಕರ, ಪ್ರಭಾಕರ, ಆದಿತ್ಯ ಎಲ್ಲರೂ ಸೂರ್ಯನೇ! ಇಂದು, ಸೋಮ, ಶಶಿ ಎಲ್ಲ ಚಂದ್ರ. ಪವನ, ಸಮೀರ, ಅನಿಲ ಮೂವರೂ ಗಾಳಿ. ಈಗಿನ ಮಕ್ಕಳಲ್ಲಿ ಅವನಿ, ಇಳಾ, ವಸುಧಾ, ಪೃಥ್ವಿ ಅಂತ ಹೆಸರು ಜಾಸ್ತಿ, ಅವರೆಲ್ಲ ಭೂಮಿ. ಊರಿನ ಮದುವೆ ಕರೆಯೋಲೆಗಳನ್ನೆಲ್ಲ ತೆಗೆದು ಓದಿದ. ಒಂದು ವಾರ ಅದೇ ಆಟ. ಪುಸ್ತಕದ ಪಟ್ಟಿಯಲ್ಲಿದ್ದ ಅರ್ಧದಷ್ಟು ಪದಗಳು ನಮ್ಮ ಬೀದಿಯಲ್ಲೇ ಓಡಾಡುತ್ತಿದ್ದವು, ಅಲ್ವಾ ಅನ್ನಿಸಿತು.


ತೀರ್ಥಹಳ್ಳಿ ಮೇಷ್ಟ್ರು

ಬಹಳ ಒಳ್ಳೆಯ ಉಪಾಯ. ಒಂದು ಎಚ್ಚರಿಕೆ ಮಾತ್ರ. ಅನಿಲ ಎಂದರೆ ಗಾಳಿ, ಅನಲ ಎಂದರೆ ಬೆಂಕಿ. ಪರೀಕ್ಷೆಯಲ್ಲಿ ಎರಡನ್ನೂ ಅಕ್ಕಪಕ್ಕ ಇಡುವುದುಂಟು. ಸುತ ಎಂದರೆ ಮಗ, ಸೂತ ಎಂದರೆ ಸಾರಥಿ. ಉದರ ಎಂದರೆ ಹೊಟ್ಟೆ, ಉದಾರ ಎಂದರೆ ಕೊಡುವ ಗುಣ. ಇಂಥವನ್ನು ಜೋಡಿಯಾಗಿಯೇ ಬರೆಸಿ, ಜೋಡಿಯಾಗಿಯೇ ಓದಿಸಿ. ದೀರ್ಘ, ಮಹಾಪ್ರಾಣ ನೋಡಿ ಓದುವ ಅಭ್ಯಾಸ ಇದರಿಂದ ಬರುತ್ತದೆ. ನಮ್ಮ ಮಕ್ಕಳು ಮಾತಿನಲ್ಲಿ ದ, ಧ ಒಂದೇ ಥರ ಹೇಳುತ್ತಾರೆ, ಬರಹದಲ್ಲಿ ಅದೇ ಅಂಕ ಕಳೆಯುತ್ತದೆ.


ಬಾಗಲಕೋಟೆ ಅಪ್ಪ

ಮಾಸ್ತರರೇ, ನಮ್ಮ ಕಡೆಯ ಮಕ್ಕಳ ಕಷ್ಟ ಬೇರೆ ಇದೆ. ನನ್ನ ಮಗ ಮನೆಯಲ್ಲಿ ಮಾತಾಡುವ ಪದ ಗೈಡಿನಲ್ಲಿ ಇಲ್ಲ, ಗೈಡಿನ ಪದ ಮನೆಯಲ್ಲಿ ಇಲ್ಲ. ಅವನಿಗೆ ಕೆಲಸ ಎಂದರೆ ದಗದ. ಒಳ್ಳೆಯದು ಎಂದರೆ ಚಲೋ. ಬೇಗ ಎಂದರೆ ಲಗೂ. ಕಷ್ಟ ಎಂದರೆ ತ್ರಾಸು. ಪುಸ್ತಕದಲ್ಲಿ ತ್ರಾಸು ಎಂದರೆ ತಕ್ಕಡಿ ಅಂತ ಇದೆ. ಅವನು ಒಂದು ದಿನ ಕೇಳಿದ, "ಅಪ್ಪಾ, ನಾವು ಮಾತಾಡೋದು ತಪ್ಪು ಕನ್ನಡಾನಾ?" ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಬಹಳ ಬೇಜಾರಾಯಿತು.


ತೀರ್ಥಹಳ್ಳಿ ಮೇಷ್ಟ್ರು

ಸರ್, ಅವನಿಗೆ ಇವತ್ತೇ ಹೇಳಿ, ತಪ್ಪು ಅಲ್ಲವೇ ಅಲ್ಲ. ಅವನು ಈಗಾಗಲೇ ಸಮಾನಾರ್ಥಕ ಪದಗಳನ್ನೇ ಆಡುತ್ತಿದ್ದಾನೆ. ಕೆಲಸ, ದಗದ, ಕಾರ್ಯ, ಕಾಯಕ, ಕಜ್ಜ. ಇವೆಲ್ಲ ಒಂದೇ ಸಾಲಿನಲ್ಲಿ ಕೂರುವ ಪದಗಳು. ಪರೀಕ್ಷೆಯ ಆಯ್ಕೆಗಳಲ್ಲಿ ದಗದ ಇಲ್ಲದಿರಬಹುದು, ಆದರೆ ಅವನ ತಲೆಯಲ್ಲಿ ಅರ್ಥ ನಿಂತಿರುವುದು ಆ ಪದದ ಮೇಲೆ.

ನೋಟ್‌ಬುಕ್ಕಿನಲ್ಲಿ ಮೊದಲನೇ ಸಾಲಿಗೆ ಮನೆಯ ಪದ ಬರೆಸಿ. ಅದರ ಮುಂದೆ ಪುಸ್ತಕದ ಪದ. ಚಲೋ ಅಂತ ಬರೆದು ಮುಂದೆ ಒಳ್ಳೆಯದು, ಚೆನ್ನ, ಉತ್ತಮ, ಲೇಸು. ಭಾಳ ಅಂತ ಬರೆದು ಮುಂದೆ ಬಹಳ, ತುಂಬ, ಅಧಿಕ, ಹೆಚ್ಚು. ಮನೆಯ ಪದ ಗೂಟದ ಹಾಗೆ. ಹೊಸ ಪದವನ್ನು ಅದಕ್ಕೇ ಕಟ್ಟಬೇಕು. ಗೂಟ ಇಲ್ಲದೆ ಕಟ್ಟಿದ್ದು ಪರೀಕ್ಷೆ ದಿನ ಬಿಚ್ಚಿಕೊಂಡು ಹೋಗುತ್ತದೆ.


ಅಜ್ಜನ ಮೊಮ್ಮಗ

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಬಾಯಿಪಾಠವನ್ನು ಇಷ್ಟು ಕಡೆಗಣಿಸಬೇಡಿ. ನನ್ನ ಅಜ್ಜ ಚಿಕ್ಕಂದಿನಲ್ಲಿ ಅಮರಕೋಶ, ಅಂದರೆ ಸಂಸ್ಕೃತದ ಹಳೆಯ ಸಮಾನಾರ್ಥಕ ಪದಕೋಶ, ಬಾಯಿಪಾಠ ಮಾಡಿದ್ದರು. ಎಂಬತ್ತು ದಾಟಿದ ಮೇಲೂ ಬೆಂಕಿಗೆ, ಹಾವಿಗೆ, ನದಿಗೆ ಎಷ್ಟು ಹೆಸರು ಅಂತ ಕೇಳಿದರೆ ಹಾಡಿದಂತೆ ಹೇಳುತ್ತಿದ್ದರು. ಹತ್ತು ವರ್ಷದ ಮಗುವಿನ ನೆನಪಿನ ಶಕ್ತಿ ದೊಡ್ಡದು. ಆ ವಯಸ್ಸಿನಲ್ಲಿ ತುಂಬದೆ ಇನ್ಯಾವಾಗ ತುಂಬುವುದು?


ತೀರ್ಥಹಳ್ಳಿ ಮೇಷ್ಟ್ರು

ನಿಮ್ಮ ಅಜ್ಜನವರಿಗೆ ನಮಸ್ಕಾರ. ನಿಮ್ಮ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅವರು ಬಾಯಿಪಾಠ ಮಾಡಿದ್ದು ಹೇಗಿತ್ತು ಅಂತ ನೋಡಿ. ಅಮರಸಿಂಹ ಪದಗಳನ್ನು ಅಕಾರಾದಿಯಾಗಿ ಪಟ್ಟಿ ಮಾಡಲಿಲ್ಲ. ಸ್ವರ್ಗಕ್ಕೆ ಸೇರಿದ್ದು ಒಂದು ವರ್ಗ, ಆಕಾಶದ್ದು ಒಂದು, ದಿಕ್ಕುಗಳದ್ದು ಒಂದು, ಕಾಲದ್ದು ಒಂದು, ಹೀಗೆ ಗುಂಪು ಮಾಡಿದ. ಅದನ್ನೂ ಶ್ಲೋಕದಲ್ಲಿ ಇಟ್ಟ. ಸೂರ್ಯನ ಹೆಸರುಗಳೆಲ್ಲ ಒಂದು ಕಡೆ, ತಾಳಕ್ಕೆ ಕೂತು ಬರುತ್ತವೆ. ಅದರ ಜೊತೆಗೆ ಗುರುಗಳು ಪದ ಬಿಡಿಸಿ ಅರ್ಥವನ್ನೂ ಹೇಳುತ್ತಿದ್ದರು.

ಗೈಡಿನ ಪಟ್ಟಿಯಲ್ಲಿ ಅಂಬರ ಆದ ಮೇಲೆ ಅಂತಃಕರಣ, ಅದಾದ ಮೇಲೆ ಅಡವಿ. ಒಂದಕ್ಕೊಂದು ಸಂಬಂಧ ಇಲ್ಲ. ನಾನು ಬೇಡ ಅನ್ನುವುದು ಆ ಥರದ ಬಾಯಿಪಾಠವನ್ನು. ಗುಂಪು ಮಾಡಿ, ಅರ್ಥ ತಿಳಿದು, ರಾಗ ಹಾಕಿ ಹೇಳಿದರೆ ಬಾಯಿಪಾಠವೂ ಚೆನ್ನ.

ಅಂಬರ ಅಂದಿದ್ದಕ್ಕೆ ನೆನಪಾಯಿತು. ಅಂಬರ ಎಂದರೆ ಆಕಾಶ, ಬಟ್ಟೆಯೂ ಹೌದು. ಪೀತಾಂಬರ ಎಂದರೆ ಹಳದಿ ಬಟ್ಟೆ, ಹಳದಿ ಆಕಾಶ ಅಲ್ಲ. ಅಂಬು ಎಂದರೆ ನೀರು ಅಂತ ಮೇಲೆ ಹೇಳಿದೆ. ಆದರೆ ಅಚ್ಚಗನ್ನಡದಲ್ಲಿ ಅಂಬು ಎಂದರೆ ಬಾಣ. "ಬಿಲ್ಲಿಗೆ ಅಂಬು ಹೂಡಿದ" ಅಂದರೆ ನೀರಲ್ಲ. ಜಲದ ಎಂದರೆ ಮೋಡ, "ಜಲದ ಮೂಲ" ಅಂದರೆ ನೀರಿನ ಮೂಲ. ಪದ ಒಂದೇ ನಿಂತಾಗ ಅದಕ್ಕೆ ಅರ್ಥ ಗಟ್ಟಿ ಇರುವುದಿಲ್ಲ, ಸಾಲಿನಲ್ಲಿ ಕೂತಾಗಲೇ ಅರ್ಥ ಬರುವುದು. ಮಕ್ಕಳಿಗೆ ನಾನು ಹೇಳುವುದು ಇಷ್ಟೇ. ಆ ಪದ ತೆಗೆದು, ನಾಲ್ಕು ಆಯ್ಕೆಗಳನ್ನೂ ಒಂದೊಂದಾಗಿ ಅದೇ ಜಾಗದಲ್ಲಿಟ್ಟು ಸಾಲನ್ನು ಓದಿ. "ಕಪ್ಪನ್ನು ಕಂಡು ಹುಡುಗ ಮರ ಏರಿದ" ಅಂತ ಒಂದು ಸಲ ಓದಿದ್ದರೆ ಹಾವೇರಿಯ ಮಗು ತಾನೇ ತಪ್ಪು ಹಿಡಿಯುತ್ತಿತ್ತು.

ಎಲ್ಲರೂ ಮಕ್ಕಳಿಂದ ಮಾಡಿಸಿ ನೋಡಲಿ ಅಂತ ಒಂದು ಸಣ್ಣ ಗದ್ಯಭಾಗ ಬರೆದಿದ್ದೇನೆ.

"ಸಂಜೆಯಾಗಿತ್ತು. ಪಡುವಣದಲ್ಲಿ ನೇಸರ ಇಳಿಯುತ್ತಿದ್ದ. ಮುಗಿಲು ಕವಿದಿತ್ತು. ದನ ಹೊಡೆದುಕೊಂಡು ಬರುತ್ತಿದ್ದ ಹುಡುಗನೊಬ್ಬ ಕೆರೆಯ ಏರಿಯಲ್ಲಿ ಒಂದು ಕಡೆ ನೀರು ಜಿನುಗುವುದನ್ನು ಕಂಡ. ಅವನು ಧೃತಿಗೆಡಲಿಲ್ಲ. ದನಗಳನ್ನು ಅಲ್ಲೇ ಬಿಟ್ಟು ಊರಿನತ್ತ ಧಾವಿಸಿದ. ಹಾರೆ, ಗುದ್ದಲಿ, ಬುಟ್ಟಿ ಹಿಡಿದು ಜನ ಬಂದರು. ಇರುಳೆಲ್ಲ ಮಣ್ಣು ಹಾಕಿ ಏರಿ ಉಳಿಸಿದರು."

ಪ್ರಶ್ನೆಗಳು ಹೀಗಿವೆ. ಪಡುವಣ: ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಮುಗಿಲು: ಆಕಾಶ, ಮೋಡ, ಕತ್ತಲೆ, ಮಂಜು. ಧೃತಿಗೆಡು: ಧೈರ್ಯಗೆಡು, ಸಿಟ್ಟಾಗು, ದಣಿ, ನಾಚು. ಧಾವಿಸು: ಕೂಗು, ನಡೆ, ಓಡು, ನೋಡು. ಇರುಳು: ಹಗಲು, ನೆರಳು, ಮುಂಜಾನೆ, ರಾತ್ರಿ.


ಮಂಡ್ಯದಾಕೆ

ನನ್ನ ಚಿಕ್ಕ ಮಗಳು ನಾಲ್ಕನೇ ತರಗತಿ. ಅವಳಿಂದ ಮಾಡಿಸಿದೆ. ಇರುಳು ಎಂದರೆ ನೆರಳು ಅಂತ ಹಾಕಿದ್ದಳು, ಎರಡೂ ಒಂದೇ ಥರ ಕೇಳುತ್ತವೆ ಅಂತ. "ನೆರಳೆಲ್ಲ ಮಣ್ಣು ಹಾಕಿ" ಅಂತ ಜೋರಾಗಿ ಓದಿಸಿದೆ. ತಕ್ಷಣ ಅಳಿಸಿ ರಾತ್ರಿ ಅಂತ ಬರೆದಳು. ಉಳಿದವು ಸರಿ.


ಬಾಗಲಕೋಟೆ ಅಪ್ಪ

ಮಾಸ್ತರರೇ, ನನ್ನ ಮಗ ನಾಲ್ಕು ಸರಿ ಮಾಡಿದ. ಮುಗಿಲಿಗೆ ಆಕಾಶ ಅಂತ ಹಾಕಿದ. ನಾನೂ ಆಕಾಶವೇ ಸರಿ ಅಂತೀನಿ. ನಮ್ಮ ಕಡೆ ಮುಗಿಲು ಎಂದರೆ ಮೇಲೆ ಕಾಣುವ ಆಕಾಶವೇ. ಮೋಡಕ್ಕೆ ಮೋಡ ಅಂತಲೇ ಅನ್ನುತ್ತೇವೆ. ಇದು ಹೇಗೆ ತಪ್ಪಾಗುತ್ತದೆ?


ತೀರ್ಥಹಳ್ಳಿ ಮೇಷ್ಟ್ರು

ನಿಮ್ಮ ಮಗ ಹೇಳಿದ್ದರಲ್ಲಿ ತಪ್ಪಿಲ್ಲ ಸರ್, ನಾನು ಪ್ರಶ್ನೆ ಮಾಡಿದ್ದರಲ್ಲಿ ತಪ್ಪಿದೆ. ಮುಗಿಲಿಗೆ ಎರಡೂ ಅರ್ಥ ಇದೆ. "ಸಂತೋಷ ಮುಗಿಲು ಮುಟ್ಟಿತು" ಅಂತ ಎಲ್ಲ ಕಡೆಯವರೂ ಹೇಳುತ್ತೇವೆ, ಅಲ್ಲಿ ಮುಗಿಲು ಎಂದರೆ ಆಕಾಶವೇ. ಆಕಾಶ, ಮೋಡ ಎರಡನ್ನೂ ಆಯ್ಕೆಯಲ್ಲಿ ಇಡಬಾರದಿತ್ತು.

ಆದರೆ ನಿಜವಾದ ಪರೀಕ್ಷೆಯಲ್ಲಿ ಹೀಗೆ ಬಂದರೆ ಮಗು ಏನು ಮಾಡಬೇಕು? ಪಕ್ಕದ ಕ್ರಿಯಾಪದ ನೋಡಬೇಕು. ಇಲ್ಲಿ "ಕವಿದಿತ್ತು" ಅಂತ ಇದೆ. ಕವಿಯುವುದು ಮೋಡ, ಮಂಜು, ಕತ್ತಲೆ. ಆಕಾಶ ಕವಿಯುವುದಿಲ್ಲ, ಅದರ ಮೇಲೆ ಇನ್ನೊಂದು ಕವಿಯುತ್ತದೆ. ಹಾಗಾಗಿ ಈ ಸಾಲಿಗೆ ಮೋಡ ಹೊಂದುತ್ತದೆ. ಮಗನಿಗೆ ಇದನ್ನು ಹೇಳಿ. ಅವನ ಮುಗಿಲು ಅವನ ಹತ್ತಿರವೇ ಇರಲಿ, ಅದರ ಪಕ್ಕದಲ್ಲಿ ಇನ್ನೊಂದು ಅರ್ಥವನ್ನೂ ಬರೆದಿಟ್ಟುಕೊಳ್ಳಲಿ.


ಬಾಗಲಕೋಟೆ ಅಪ್ಪ

ಆಯಿತು ಮಾಸ್ತರರೇ, ಒಪ್ಪಿದೆ. ಕವಿಯುವುದು ಯಾವುದು ಅಂತ ಕೇಳಿದ ಕೂಡಲೇ ಅವನೇ ಮೋಡ ಅಂದ. ತಾನು ಹೇಳಿದ್ದು ತಪ್ಪಲ್ಲ ಅಂತ ನೀವು ಬರೆದದ್ದನ್ನು ಎರಡು ಸಲ ಓದಿಸಿಕೊಂಡ.


ಹಳೇ ನವೋದಯಿ

ನಾನು ನವೋದಯದಲ್ಲಿ ಓದಿದವಳು. ಈಗ ನರ್ಸ್ ಆಗಿ ಕೆಲಸ ಮಾಡುತ್ತಿದ್ದೇನೆ. ಪರೀಕ್ಷೆ ಕೋಣೆಯ ಒಂದೆರಡು ವಿಷಯ ಹೇಳುತ್ತೇನೆ.

ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಗೊತ್ತಿಲ್ಲದ ಪದ ಬಂದರೆ ಖಾಲಿ ಬಿಡಬೇಡ ಅಂತ ಮಗುವಿಗೆ ಹೇಳಿ. ಸಾಮಾನ್ಯವಾಗಿ ನಾಲ್ಕು ಆಯ್ಕೆಗಳಲ್ಲಿ ಒಂದು ವಿರುದ್ಧಾರ್ಥಕ ಇರುತ್ತದೆ, ಇನ್ನೊಂದು ಕೇಳುವುದಕ್ಕೆ ಒಂದೇ ಥರ ಇರುತ್ತದೆ. ಮೇಲಿನ ಇರುಳು ಪ್ರಶ್ನೆಯನ್ನೇ ನೋಡಿ, ಹಗಲು ಮತ್ತು ನೆರಳು. ಆ ಎರಡನ್ನು ತೆಗೆದರೆ ಉಳಿಯುವುದು ಎರಡೇ. ಭಾಷೆಯಲ್ಲಿ ಹಿಂದೆ ಬಿದ್ದರೂ ಲೆಕ್ಕದಲ್ಲಿ ಎಳೆದುಕೊಳ್ಳಬಹುದು ಅಂತ ಅಂದುಕೊಳ್ಳಬೇಡಿ. ಚಿತ್ರದ ಪ್ರಶ್ನೆ, ಲೆಕ್ಕ, ಭಾಷೆ, ಈ ಮೂರೂ ಭಾಗಗಳಲ್ಲಿ ಬೇರೆ ಬೇರೆಯಾಗಿ ಪಾಸಾಗಬೇಕು.

ಇನ್ನೊಂದು. ಮೊದಲು ಪ್ರಶ್ನೆ ಓದಿ ಆಮೇಲೆ ಗದ್ಯಭಾಗ ಓದುವ ಅಭ್ಯಾಸ ಕೆಲವರು ಹೇಳಿಕೊಡುತ್ತಾರೆ. ನನಗೆ ಅದು ಆಗಲಿಲ್ಲ. ಕಥೆ ತುಂಡು ತುಂಡಾಗಿ ಹೋಗುತ್ತಿತ್ತು. ಒಂದು ಸಲ ಪೂರ್ತಿ ಓದಿ, ಪ್ರಶ್ನೆ ನೋಡಿ, ಆ ಪದ ಇರುವ ಸಾಲಿಗೆ ಮತ್ತೆ ಹೋಗುತ್ತಿದ್ದೆ. ಆ ಸಾಲು, ಅದರ ಹಿಂದಿನ ಸಾಲು, ಮುಂದಿನ ಸಾಲು. ಮೂರೇ. ಅಷ್ಟರಲ್ಲಿ ಅರ್ಥ ಸಿಗುತ್ತದೆ.

ನಮ್ಮ ಅಪ್ಪ ಕೂಲಿಗೆ ಹೋಗುತ್ತಿದ್ದರು. ಗೈಡ್ ತರುವಷ್ಟು ದುಡ್ಡು ಇರಲಿಲ್ಲ. ದಿನಸಿ ಕಟ್ಟಿಕೊಟ್ಟ ಹಳೇ ಪೇಪರ್ ತುಂಡುಗಳನ್ನು ಅವ್ವ ಬಿಸಾಡುತ್ತಿರಲಿಲ್ಲ, ಸುಕ್ಕು ಬಿಡಿಸಿ ಇಡುತ್ತಿದ್ದಳು. ನಾನು ಅವುಗಳಲ್ಲಿ ಗೊತ್ತಿಲ್ಲದ ಪದಕ್ಕೆ ಗೆರೆ ಎಳೆದು ಶಾಲೆಗೆ ಒಯ್ಯುತ್ತಿದ್ದೆ. ಗದ್ಯಭಾಗ ಓದುವ ಅಭ್ಯಾಸ ನನಗೆ ಆದದ್ದು ಆ ತುಂಡುಗಳಿಂದ. ಅದಕ್ಕೇ ಹೇಳುತ್ತೇನೆ, ದಿನಕ್ಕೆ ಒಂದು ಸಣ್ಣ ಸುದ್ದಿಯನ್ನಾದರೂ ಜೋರಾಗಿ ಓದಿಸಿ.


ಬೆಂಗಳೂರು ಅಕ್ಕ

ಇಂಗ್ಲಿಷ್ ಪದಗಳ ಬಗ್ಗೆ ಯಾರೂ ಹೇಳಲಿಲ್ಲ. ಮೊರಾರ್ಜಿ ಪರೀಕ್ಷೆಯಲ್ಲಿ ಇಂಗ್ಲಿಷೂ ಇರುತ್ತದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಅದೇ ಹೆದರಿಕೆ. ನಾನು ಸಂಜೆ ಹೊತ್ತು ಕೆಲವು ಮಕ್ಕಳಿಗೆ ಸುಮ್ನೆ ಹೇಳಿಕೊಡುತ್ತೇನೆ, ಅದರಿಂದ ತಿಳಿದದ್ದು ಇಷ್ಟು.

ಎರಡು ಇಂಗ್ಲಿಷ್ ಪದಗಳನ್ನು ನೇರವಾಗಿ ಜೋಡಿ ಮಾಡಿಸಬೇಡಿ. ನಡುವೆ ಕನ್ನಡ ಪದ ಇರಲಿ. ಶುರು ಮಾಡು ಅಂತ ಬರೆದು, ಅದರ ಸುತ್ತ ಬಿಗಿನ್, ಸ್ಟಾರ್ಟ್, ಕಮೆನ್ಸ್. ಧೈರ್ಯಶಾಲಿ ಅಂತ ಬರೆದು, ಸುತ್ತ ಬ್ರೇವ್, ಬೋಲ್ಡ್, ಕರೇಜಿಯಸ್. ಮೇಷ್ಟ್ರು ಹೇಳಿದ ಗೂಟದ ಮಾತು ಇಲ್ಲೂ ನಿಜ. ಮತ್ತೆ, ನಾಮಪದಕ್ಕೆ ನಾಮಪದವೇ ಉತ್ತರ, ಗುಣವಾಚಕಕ್ಕೆ ಗುಣವಾಚಕವೇ. ಬ್ರೇವ್ ಕೇಳಿ ಆಯ್ಕೆಯಲ್ಲಿ ಕರೇಜ್ ಇದ್ದರೆ ಅದು ಬಲೆ. ಒಂದು ಧೈರ್ಯಶಾಲಿ, ಇನ್ನೊಂದು ಧೈರ್ಯ. ಕನ್ನಡದಲ್ಲಿ ಹೇಳಿ ನೋಡಿದರೆ ಮಕ್ಕಳಿಗೆ ಬೇಗ ಗೊತ್ತಾಗುತ್ತದೆ.


ಹಾವೇರಿಯ ಅಮ್ಮ

ನಾಲ್ಕು ವಾರ ಆಯಿತು, ನೀವೆಲ್ಲ ಹೇಳಿದ್ದನ್ನು ಮಾಡಿಸುತ್ತಿದ್ದೇನೆ. ಹೇಗಾಯಿತು ಅಂತ ಹೇಳುವುದು ನನ್ನ ಕರ್ತವ್ಯ.

ಗೈಡನ್ನು ಪೂರ್ತಿ ಬಿಡಲಿಲ್ಲ. ಅದರ ಪದಗಳನ್ನೇ ಕತ್ತರಿಸಿ ಗುಂಪು ಮಾಡಿದೆವು. ನೋಟ್‌ಬುಕ್ಕಿನಲ್ಲಿ ನೀರಿಗೆ ಒಂದು ಪುಟ, ಆಕಾಶಕ್ಕೆ ಒಂದು, ಪ್ರಾಣಿಗಳಿಗೆ ಎರಡು, ಮನಸ್ಸಿಗೆ ಒಂದು. ಮನಸ್ಸಿನ ಪುಟವೇ ಕಷ್ಟ. ಹರ್ಷ, ಆನಂದ, ನಲಿವು ಸುಲಭ. ಖೇದ, ವ್ಯಥೆ, ಅಳಲು, ದುಗುಡ ಇವನ್ನು ಅವಳು ಕಲಸಿಬಿಡುತ್ತಾಳೆ. ಒಂದೊಂದಕ್ಕೂ ಮನೆಯಲ್ಲಿ ನಡೆದದ್ದನ್ನೇ ಒಂದು ವಾಕ್ಯ ಮಾಡಿಸಿದೆ. "ಕರು ಸತ್ತಾಗ ಅಪ್ಪನ ಮುಖದಲ್ಲಿ ದುಗುಡ ಇತ್ತು" ಅಂತ ಬರೆದಿದ್ದಾಳೆ. ಆ ಪದವನ್ನು ಇನ್ನು ಮರೆಯುವುದಿಲ್ಲ ಅನ್ನಿಸುತ್ತದೆ.

ಎರಡೂ ದಿಕ್ಕಿನಿಂದ ಕೇಳುವುದನ್ನು ರೂಢಿ ಮಾಡಿಕೊಂಡೆ. ಒಂದು ದಿನ ಆನೆಗೆ ಏನು ಅಂತ ಕೇಳಿದರೆ, ಮಾರನೇ ದಿನ ದಂತಿ ಎಂದರೆ ಏನು ಅಂತ ಕೇಳುತ್ತೇನೆ. ಸಂಶಯ ಬಂದ ಪದಗಳನ್ನು ಭಾನುವಾರ ಅವಳ ಮಾವನ ಮೊಬೈಲಿನಲ್ಲಿ ಭಾರತವಾಣಿಯಲ್ಲಿ ಹುಡುಕುತ್ತೇವೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದವರು ಮಾಡಿದ್ದು, ಬೇಕಾದಷ್ಟು ನಿಘಂಟುಗಳಿವೆ. ಗೈಡಿನಲ್ಲಿ ಇನ್ನೂ ಎರಡು ತಪ್ಪು ಸಿಕ್ಕವು. ಅದನ್ನು ಹಿಡಿದವಳು ಅವಳೇ. ಮೊನ್ನೆಯ ಮಾದರಿ ಪತ್ರಿಕೆಯಲ್ಲಿ ಭಾಷೆಯ 20ರಲ್ಲಿ 15 ಸರಿ. ಲೆಕ್ಕಕ್ಕೆ ಸಮಯ ಸಾಲಲಿಲ್ಲ, ಅದು ಬೇರೆ ಚಿಂತೆ.

ಈಗ ಒಂದು ಪ್ರಶ್ನೆ. ನನ್ನ ಅತ್ತೆಯ ಹೆಸರು ವನಜಾಕ್ಷಿ. ಮಂಡ್ಯದ ತಂಗಿ ಹೇಳಿದ ಹೆಸರಿನ ಆಟ ಆಡುವಾಗ ಅಜ್ಜಿಯ ಹೆಸರನ್ನೂ ಬಿಡಿಸಲು ಕೂತಳು. ಅಕ್ಷಿ ಎಂದರೆ ಕಣ್ಣು ಅಂತ ಗೊತ್ತು. ವನಜ ಎಂದರೆ ಕಮಲ ಅಂತ ನಿಘಂಟಿನಲ್ಲಿ ಸಿಕ್ಕಿತು. "ಅವ್ವಾ, ವನ ಅಂದರೆ ಕಾಡು. ಜ ಅಂದರೆ ಹುಟ್ಟಿದ್ದು. ಕಮಲ ಕಾಡಿನಲ್ಲಿ ಹೇಗೆ ಹುಟ್ಟುತ್ತದೆ? ಕೆರೆಯಲ್ಲಿ ಅಲ್ವಾ?" ಅಂತ ಕೇಳಿದಳು. ನನಗೆ ಉತ್ತರ ಗೊತ್ತಿಲ್ಲ. ಸರ್, ನೀವು ಹೇಳಬೇಕು.


ತೀರ್ಥಹಳ್ಳಿ ಮೇಷ್ಟ್ರು

ತಾಯಿ, ಈ ಪ್ರಶ್ನೆ ಓದಿ ನನಗೆ ಎಷ್ಟು ಸಂತೋಷ ಆಯಿತು ಅಂತ ಹೇಳಲಾರೆ. ಇಷ್ಟು ವರ್ಷದಲ್ಲಿ ನನ್ನ ತರಗತಿಯಲ್ಲಿ ಯಾರೂ ಇದನ್ನು ಕೇಳಿಲ್ಲ. ಸಂಸ್ಕೃತದಲ್ಲಿ ವನ ಎನ್ನುವ ಪದಕ್ಕೆ ಕಾಡು ಮಾತ್ರ ಅಲ್ಲ, ನೀರು ಎಂಬ ಅರ್ಥವೂ ಇದೆ. ಹಾಗಾಗಿ ವನಜ ಎಂದರೆ ನೀರಿನಲ್ಲಿ ಹುಟ್ಟಿದ್ದು, ಕಮಲ. ನಿಮ್ಮ ಅತ್ತೆಯವರು ತಾವರೆಯಂಥ ಕಣ್ಣಿನವರು.


ಹಾವೇರಿಯ ಅಮ್ಮ

ಓದಿ ಹೇಳಿದೆ. ಅತ್ತೆಗೆ ತಮ್ಮ ಹೆಸರಿನ ಅರ್ಥ ಗೊತ್ತಿರಲಿಲ್ಲ. ಮತ್ತೊಂದು ಸಲ ಓದು ಅಂದರು. ಮಗಳು ನೀರಿನ ಪುಟ ತೆಗೆದು ಎಡಗಡೆ ಐದನೆಯದಾಗಿ ವನ ಅಂತ ಸೇರಿಸಿದ್ದಾಳೆ. ಬಲಗಡೆಯ ಮೂರು ಬಾಲಗಳನ್ನೂ ಹಚ್ಚಿ ನೋಡಿದ್ದಾಳೆ. "ಹಾಗಾದರೆ ವನದ ಅಂದರೆ ಮೋಡ, ವನಧಿ ಅಂದರೆ ಸಮುದ್ರ ಆಗಬೇಕು. ಆ ಪದಗಳು ನಿಜವಾಗಿ ಇವೆಯಾ, ಸರ್ ಹತ್ತಿರ ಕೇಳು" ಅಂತ ಪಕ್ಕದಲ್ಲೇ ಕೂತಿದ್ದಾಳೆ.


ತೀರ್ಥಹಳ್ಳಿ ಮೇಷ್ಟ್ರು

ಎರಡೂ ಇವೆ ಅಂತ ಹೇಳಿ. ವನಧಿ ಹಳೆಯ ಕಾವ್ಯಗಳಲ್ಲೂ ಬರುತ್ತದೆ. ಅವಳ ಪಟ್ಟಿಯಲ್ಲಿ ಅದು ಇರಲಿಲ್ಲ, ಅಲ್ವಾ?